ಹಾಂಗ್‌ಕಾಂಗ್‌ನಲ್ಲಿ ಟೈಫೂನ್ ಬಂದಾಗ: ಹಾಸನದ ತಾಯಿಯೊಬ್ಬರ ಪ್ರಶ್ನೆಗೆ ನನ್ನ ಅನುಭವ

ಮಗಳು ಕೆಲಸಕ್ಕೆಂದು ಹಾಂಗ್‌ಕಾಂಗ್‌ಗೆ ಹೋಗಿ ಎರಡು ತಿಂಗಳಾಗಿದೆ, ಇಪ್ಪತ್ತೆರಡನೆಯ ಮಹಡಿಯಲ್ಲಿ ಒಬ್ಬಳೇ ಇದ್ದಾಳೆ, ಟೈಫೂನ್ (ಅಲ್ಲಿನ ಚಂಡಮಾರುತ) ಬಂದರೆ ಅವಳೇನು ಮಾಡಬೇಕು, ಇಲ್ಲಿಂದ ನಾವೇನು ಮಾಡಬಹುದು ಎಂದು ಹಾಸನದ ತಾಯಿಯೊಬ್ಬರು ಕೇಳಿದ್ದಾರೆ. ಅಕ್ಕಿ, ನೀರು, ಔಷಧಿ ಕೂಡಿಡುವ ವಿಷಯವನ್ನು ಹಲವರು ಈಗಾಗಲೇ ಬರೆದಿರುವುದರಿಂದ ಅದನ್ನು ಬಿಟ್ಟು ಉಳಿದುದನ್ನು ಹೇಳುತ್ತೇನೆ. ನಾನು ಚಿಕ್ಕಮಗಳೂರಿನವನು; 2016ರಿಂದ ಐದು ವರ್ಷ ಪತ್ನಿಯೊಡನೆ ಅಲ್ಲಿನ ತೈ ವಾಯ್ ಬಡಾವಣೆಯಲ್ಲಿದ್ದೆ.

ಅಮ್ಮ, ಮಳೆಗಾಲವನ್ನು ಕಂಡವರು ನಾವು ಎಂಬ ನಮ್ಮ ಧೈರ್ಯವೇ ಅಲ್ಲಿ ಮೊದಲು ದಾರಿ ತಪ್ಪಿಸುತ್ತದೆ. ಇಲ್ಲಿ ಆಷಾಢದ ಮಳೆ ವಾರಗಟ್ಟಲೆ ಹಿಡಿದರೂ, ಸ್ವಲ್ಪ ಹೊಳವಾದೊಡನೆ ಕೊಡೆ ಹಿಡಿದು, ತೋಟದಲ್ಲಿ ಯಾವ ಮರ ಬಿದ್ದಿದೆ, ತಂತಿ ಎಲ್ಲಿ ಹರಿದಿದೆ ಎಂದು ನೋಡಲು ಹೊರಡುತ್ತೇವೆ. ಅಲ್ಲಿ ಹಾಗೆ ಮಾಡಬಾರದು. ಟೈಫೂನಿನ ಕಣ್ಣು, ಅಂದರೆ ಅದರ ನಡುವಿನ ಶಾಂತ ಭಾಗ, ಊರಿನ ಮೇಲೆಯೇ ಹಾದುಹೋದರೆ ಗಾಳಿ ನಿಂತೇ ಹೋಯಿತು ಎನ್ನಿಸುತ್ತದೆ. ಕಣ್ಣು ದಾಟಿದ ಮೇಲೆ ಅದೇ ಗಾಳಿ ಎದುರು ದಿಕ್ಕಿನಿಂದ ಬಂದು ಅಪ್ಪಳಿಸುತ್ತದೆ. ಆದ್ದರಿಂದ ಕಿಟಕಿಯಾಚೆಗಿನ ಆಕಾಶವನ್ನು ನೋಡಿ ತೀರ್ಮಾನಿಸದೆ, ಹವಾಮಾನ ಎಚ್ಚರಿಕೆಯ ಸಂಕೇತದ ಅಂಕಿಯನ್ನು ಮಾತ್ರ ನಂಬುವಂತೆ ಮಗಳಿಗೆ ಹೇಳಿ.

ಹಾಂಗ್‌ಕಾಂಗ್‌ನ ಹವಾಮಾನ ವೀಕ್ಷಣಾಲಯವು 1, 3, 8, 9, 10 ಎಂಬ ಸಂಕೇತಗಳನ್ನು ಹೊರಡಿಸುತ್ತದೆ. ಚಂಡಮಾರುತವು 800 ಕಿಲೋಮೀಟರ್ ಒಳಗೆ ಬಂದಾಗ 1, ಗಾಳಿಯ ವೇಗ ಗಂಟೆಗೆ 63 ಕಿಲೋಮೀಟರ್ ತಲುಪುವಂತಿದ್ದಾಗ 8, 118 ಅಥವಾ ಅದಕ್ಕೂ ಹೆಚ್ಚಾಗುವಂತಿದ್ದಾಗ 10. ನಿತ್ಯಜೀವನದಲ್ಲಿ ಮುಖ್ಯವಾದುದು 8. ಅದನ್ನು ಹೊರಡಿಸುವ ಸುಮಾರು ಎರಡು ಗಂಟೆ ಮೊದಲು ಪ್ರಕಟಣೆ ಬರುತ್ತದೆ. ಶಾಲೆ, ಕಚೇರಿ, ಅಂಗಡಿಗಳೆಲ್ಲ ಮುಚ್ಚತೊಡಗಿ ಇಡೀ ನಗರ ಒಮ್ಮೆಗೇ ಮನೆಯತ್ತ ಹೊರಡುತ್ತದೆ. ಒಂದು ವರ್ಷ ನನ್ನ ಪತ್ನಿ ಕೈಯಲ್ಲಿದ್ದ ಕೆಲಸವನ್ನು ಮುಗಿಸಿಯೇ ಬರುತ್ತೇನೆಂದು ಅರ್ಧ ಗಂಟೆ ತಡಮಾಡಿದ್ದಕ್ಕೆ, ಬಸ್ಸು ಸಿಗದೆ, ಟ್ಯಾಕ್ಸಿಯವರು ಕೇಳಿದಷ್ಟು ಕೊಟ್ಟು ಮನೆ ಸೇರಬೇಕಾಯಿತು. ಮಗಳು 3 ಇರುವಾಗಲೇ ಸಾಮಾನು ತಂದುಕೊಂಡು, ಪ್ರಕಟಣೆ ಬಂದ ಕ್ಷಣವೇ ಎದ್ದು ಹೊರಡಲಿ.

2018ರ ಸೆಪ್ಟೆಂಬರ್ 16ರ ಭಾನುವಾರ ಮಾಂಗ್‌ಖುಟ್ ಎಂಬ ಟೈಫೂನ್ ಬಂದಾಗ ಸಂಕೇತ 10 ಹತ್ತು ಗಂಟೆಗಳ ಕಾಲ ಜಾರಿಯಲ್ಲಿತ್ತು. ನಮ್ಮ ಕಟ್ಟಡ ತೂಗುತ್ತಿತ್ತು. ಕಮೋಡಿನಲ್ಲಿದ್ದ ನೀರು ತುಳುಕಾಡುವುದನ್ನು ಕಂಡಾಗಲೇ ಅದು ನಮ್ಮ ಭ್ರಮೆಯಲ್ಲವೆಂದು ತಿಳಿದದ್ದು. ಎತ್ತರದ ಕಟ್ಟಡ ಗಾಳಿಗೆ ತುಸು ತೂಗುವುದು ಸಹಜ, ಅದಕ್ಕೆ ಹೆದರಿ ಕೆಳಗೆ ಓಡಬಾರದು. ಗಾಜಿನ ಕಿಟಕಿಯದೇ ನಿಜವಾದ ಭಯ. ಗಾಜಿಗೆ ಅಡ್ಡಡ್ಡ ಅಂಟಿಸುವ ಟೇಪು ಚೂರು ಸಿಡಿಯುವುದನ್ನು ಸ್ವಲ್ಪ ತಡೆಯಬಹುದೇ ಹೊರತು ಗಾಜನ್ನು ಗಟ್ಟಿಮಾಡುವುದಿಲ್ಲ. ಪರದೆ ಎಳೆದು, ಹಾಸಿಗೆಯನ್ನು ಬಚ್ಚಲುಮನೆಯ ಪಕ್ಕದ, ಕಿಟಕಿಯಿಲ್ಲದ ಕಿರುದಾರಿಗೆ ತಂದು, ಇಡೀ ದಿನ ಅಲ್ಲಿಯೇ ಕುಳಿತೆವು.

ನನ್ನ ಲೆಕ್ಕದಲ್ಲಿ ಮರುದಿನವೇ ಹೆಚ್ಚು ಕಷ್ಟದ್ದು. ಶಾಲೆಗಳಿಗೆ ರಜೆ ಕೊಟ್ಟಿದ್ದರು, ಕೆಲಸಕ್ಕೆ ಕೊಟ್ಟಿರಲಿಲ್ಲ. ರಸ್ತೆ, ಹಳಿಗಳ ಮೇಲೆ ಸಾವಿರಾರು ಮರಗಳು ಬಿದ್ದು ಬಸ್ಸುಗಳು ಬಹುತೇಕ ನಿಂತಿದ್ದುದರಿಂದ ತೈ ವಾಯ್ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಕಚೇರಿ ತಲುಪಿದಾಗ ಮಧ್ಯಾಹ್ನವಾಗಿತ್ತು. ಸಂಕೇತ ಇಳಿದ ಮೇಲೆ ಎಷ್ಟು ಹೊತ್ತಿನೊಳಗೆ ಕೆಲಸಕ್ಕೆ ಬರಬೇಕು, ಬರಲಾಗದಿದ್ದರೆ ಏನು ಎಂಬುದನ್ನು ಮಗಳು ಮೇಲಧಿಕಾರಿಯಿಂದ ಈಗಲೇ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಲಿ. ಹೊಸಬರು ಇದನ್ನು ಕೇಳಲು ಸಂಕೋಚಪಡುತ್ತಾರೆ, ಪಡಬೇಕಾಗಿಲ್ಲ.

ಇನ್ನು ನಿಮ್ಮ ಪಾಲಿನದು. ಟಿವಿಯಲ್ಲಿ ಒಂದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸುವಾಗ ನನ್ನ ತಾಯಿ ಹತ್ತು ನಿಮಿಷಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಅವರ ಸಂಕಟ ಅರ್ಥವಾಗುತ್ತಿದ್ದರೂ ಚಾರ್ಜ್ ಉಳಿಸಿಕೊಳ್ಳಬೇಕಾದ ಹೊತ್ತು ಅದು. ಆಮೇಲೆ ನಾವು, ಸಂಕೇತ ಬದಲಾದಾಗಲೆಲ್ಲ ಅಂಕಿಯನ್ನು ಬರೆದು ಒಂದು ಸಂದೇಶ ಕಳಿಸುವುದು, ನಡುವೆ ಕರೆ ಬೇಡ ಎಂದು ಮಾತಾಡಿಕೊಂಡೆವು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ; ನಿಮಗೆ ರಾತ್ರಿ ಹತ್ತೂವರೆಯಾದಾಗ ಅವಳಿಗೆ ಒಂದು ಗಂಟೆ. ತುರ್ತಿಗೆ ಅಲ್ಲಿ 999. ಭಾರತೀಯ ದೂತಾವಾಸದ ಸಂಖ್ಯೆಯೂ ಅವಳಲ್ಲಿರಲಿ. ಮುಂದಿನ ಸಲ ಮಾತಾಡುವಾಗ, ಮನೆಯಲ್ಲಿ ಕಿಟಕಿಯಿಲ್ಲದ ಮೂಲೆ ಯಾವುದು, ಅಲ್ಲಿ ಹಾಸಿಗೆ ಹಾಸಲು ಜಾಗವಿದೆಯೇ ಎಂದು ಕೇಳಿ.