ಪದಚರ್ಚೆ: ಕೆತ್ತಿದ ಹಲಗೆಯೂ ‘ಅಚ್ಚು’, ಕಾಗದಕ್ಕೆ ಬಿದ್ದದ್ದೂ ‘ಅಚ್ಚು’?

ಎಲ್ಲರಿಗೂ ನಮಸ್ಕಾರ.

ಕೋಲಾರದಲ್ಲಿ ಹೊಸಬರಿಗೆಂದು ನಡೆಯುವ ಮರದಚ್ಚಿನ (ಮರದ ಹಲಗೆ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಚಿತ್ರ ಇಳಿಸುವ ಕಲೆ) ತರಗತಿಗೆ ಎರಡು ಪುಟದ ಕೈಪಿಡಿ ಕನ್ನಡದಲ್ಲಿ ತಯಾರಾಗುತ್ತಿದೆ. ‘ಅಚ್ಚಿಗೆ ಮಸಿ ಹಚ್ಚಿ ಅಚ್ಚು ತೆಗೆಯಿರಿ’ ಎಂದು ಬರೆದರೆ ಯಾವುದು ಯಾವ ಅಚ್ಚು ತಿಳಿಯುವುದಿಲ್ಲ. ಮರದ ‘ಗ್ರೇನ್’ಗೆ, ಅಂದರೆ ನಾರು ಸಾಗುವ ದಿಕ್ಕಿಗೆ, ಒಂದು ಪದ ಬೇಕು. ಎರಡನೇ ಬಣ್ಣ ಮೊದಲಿನದರ ಮೇಲೆ ಸರಿಯಾಗಿ ಕೂರಲೆಂದು ಹಲಗೆಯ ಅಂಚಿನಲ್ಲಿ ಮಾಡುವ ಗುರುತಿಗೂ ಬೇಕು. ಜಪಾನಿನವರು ಅದಕ್ಕೆ ‘ಕೆಂತೋ’ ಎನ್ನುತ್ತಾರೆ. ‘ಅಚ್ಚುಕಟ್ಟು’ ಎಂದರೆ ಹೇಗೆ?

* * *

ಮೇಡಂ,

‘ಅಚ್ಚುಕಟ್ಟು’ ಕೇಳಲು ಸೊಗಸಾಗಿದೆ, ಆದರೆ ಕೋಲಾರದಲ್ಲಿ ಬೇಡ. ಊರಿಗೊಂದು ಕೆರೆ ಇರುವ ಸೀಮೆ, ಅಚ್ಚುಕಟ್ಟು ಎಂದರೆ ಕೆರೆಯ ನೀರು ಹರಿಯುವ ಗದ್ದೆಬಯಲೇ ಕಣ್ಣಿಗೆ ಬರುತ್ತದೆ. ‘ಕಚ್ಚು’ ಸಾಕು. ಮೂಲೆಯಲ್ಲಿ ಒಂದು ಮೂಲೆಗಚ್ಚು, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಒಂದು ನೇರಗಚ್ಚು. ಕಾಗದದ ಮೂಲೆ ಮೊದಲನೆಯದರಲ್ಲಿ, ಅಂಚು ಎರಡನೆಯದರಲ್ಲಿ ಕೂರಬೇಕು. ಆಳ 1 ಮಿ.ಮೀ. ಸಾಕು, ಎಲ್ಲ ಹಲಗೆಯಲ್ಲೂ ಒಂದೇ ಜಾಗದಲ್ಲಿರಬೇಕು. ಕಚ್ಚು ಸರಿಯಿದ್ದೂ ಬಣ್ಣ ಸರಿದರೆ ಕಾಗದದ ತೇವ ನೋಡಿ: ಒದ್ದೆ ಕಾಗದ ಹಿಗ್ಗುತ್ತದೆ, ಆರಿದ್ದು ಕುಗ್ಗುತ್ತದೆ.

ಇನ್ನು ‘ಅಚ್ಚು’. ಒತ್ತುವ ಸಾಧನಕ್ಕೂ ಒತ್ತಿ ಬಂದದ್ದಕ್ಕೂ ಅದೊಂದೇ ಪದ, ತೆಲುಗಿನಲ್ಲೂ ತಮಿಳಿನಲ್ಲೂ ಮುದ್ರಣಕ್ಕೆ ಅದೇ. ಸಂಕ್ರಾಂತಿಯಲ್ಲಿ ಪಾಕ ಹುಯ್ಯುವ ಮರದ ತುಂಡೂ ಅಚ್ಚು, ಎಳ್ಳಿನ ತಟ್ಟೆಯಲ್ಲಿ ಕೂರುವ ಸಕ್ಕರೆ ಗಿಳಿಯೂ ಅಚ್ಚು. ಅಡುಗೆಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ತರಗತಿಯಲ್ಲಿ ಇದೆ. ಸಕ್ಕರೆ ಅಚ್ಚಿನಲ್ಲಿ ತೋಡಿದ ಜಾಗವೇ ಗಿಳಿಯಾಗಿ ಉಬ್ಬಿ ಬರುತ್ತದೆ. ಮರದಚ್ಚಿನಲ್ಲಿ ತೋಡಿದ ಜಾಗಕ್ಕೆ ಮಸಿಯೇ ತಾಗುವುದಿಲ್ಲ, ಅದು ಕಾಗದದ ಬಿಳಿ. ಸಕ್ಕರೆ ಅಚ್ಚನ್ನು ಮನಸ್ಸಿನಲ್ಲಿಟ್ಟುಕೊಂಡವರು ಗಿಳಿಯನ್ನೇ ತೋಡಿಬಿಡುತ್ತಾರೆ, ಕಪ್ಪು ಚೌಕದಲ್ಲಿ ಬಿಳಿ ಗಿಳಿ ಬರುತ್ತದೆ. ಹಾಗಾಗಿ ಕೆತ್ತುವುದು ‘ಹಲಗೆ’, ಕಾಗದಕ್ಕೆ ಬಿದ್ದದ್ದು ಮಾತ್ರ ‘ಅಚ್ಚು’.

‘ಒತ್ತು’ ಎಂಬ ನಾಮಪದವನ್ನೂ ಬಿಡಿ. ‘ಅಕ್ಕ’ ಎಂದು ಕೆತ್ತಿದವರಿಗೆ ‘ಒತ್ತು ಸರಿಯಾಗಿ ಬಂದಿಲ್ಲ’ ಎಂದರೆ ಕಾಗದದ ಬೆನ್ನನ್ನು ಉಜ್ಜಿದ್ದು ಸಾಲದೋ, ಒತ್ತಕ್ಷರವೇ ಮುರಿದಿದೆಯೋ?

ಕಲೆಗೆ ‘ಮರದಚ್ಚು’ ಒಪ್ಪುತ್ತದೆ, ಜೊತೆಗೆ ‘ಕಲ್ಲಚ್ಚು’ (ಲಿಥೋಗ್ರಫಿ) ಮೊದಲೇ ಇದೆಯಲ್ಲ. 1843ರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂದ ಪತ್ರಿಕೆ. ಅಲ್ಲಿ ಕೆತ್ತನೆಯಿಲ್ಲ, ಜಿಡ್ಡಿಗೂ ನೀರಿಗೂ ಕೂಡಿಬರದು ಎಂಬುದೇ ಅದರ ಗುಟ್ಟು. ಕೆತ್ತಿ ಉಳಿದ ಉಬ್ಬಿಗೆ ಮಸಿ ಹಚ್ಚುವ ಎಲ್ಲ ಬಗೆಗೂ ಒಟ್ಟಾಗಿ ‘ಉಬ್ಬಚ್ಚು’ ಎನ್ನಬಹುದು.

‘ಗ್ರೇನ್’ಗೆ ‘ಎಳೆ’. ಉಳಿ ಎಳೆಗುಂಟ ಹೋದರೆ ಸಿಪ್ಪೆ ಸುರುಳಿಯಾಗಿ ಏಳುತ್ತದೆ. ಎಳೆಗೆ ಅಡ್ಡ ಹೋಗುವಾಗ ಮೊದಲು ಚೂರಿಯಿಂದ ಗೆರೆಯ ಅಂಚು ಗೀರಿರದಿದ್ದರೆ ಮೇಲ್ಪದರ ಕಿತ್ತುಬಂದು ಗೆರೆಯನ್ನೂ ಎಳೆದುಕೊಂಡು ಹೋಗುತ್ತದೆ. ‘ರ’ ಅಕ್ಷರ ನೋಡಿ: ಎಳೆ ಎಡದಿಂದ ಬಲಕ್ಕೆ ಸಾಗುವ ಹಲಗೆಯಲ್ಲಿ ತಲೆಕಟ್ಟು ಎಳೆಗುಂಟ ಮಲಗಿರುತ್ತದೆ, ಏನೂ ಆಗದು. ಸುತ್ತಿನ ಎಡಬಲ ಪಕ್ಕಗಳು ಎಳೆಗೆ ಅಡ್ಡ ನಿಂತಿರುತ್ತವೆ. ಅಲ್ಲಿ ಗೆರೆ 2 ಮಿ.ಮೀ.ಗಿಂತ ತೆಳುವಾದರೆ ಉದುರಿತೆಂದೇ ಲೆಕ್ಕ. ಹೊಸಬರಿಗೆ 15×20 ಸೆಂ.ಮೀ. ಅಳತೆಯ, 6 ಮಿ.ಮೀ. ದಪ್ಪದ ಪ್ಲೈವುಡ್ ಕೊಡಿ. ನಮ್ಮ ಕಡೆ ಧಾರಾಳವಾಗಿ ಸಿಗುವ ನೀಲಗಿರಿ ಬೇಡ, ಅದರ ಎಳೆ ತಿರುಚಿಕೊಂಡಿರುತ್ತದೆ, ಸೀಳು ಬಿಡುತ್ತದೆ.

‘ಶಾಯಿ’ ಎಂದು ಬರೆದರೆ ಪೆನ್ನಿನ ಶಾಯಿ ಬಾಟಲಿ ತರುವವರು ಸಿಗುತ್ತಾರೆ. ‘ಅಚ್ಚಿನ ಮಸಿ’ ಎನ್ನಿ, ಟೂತ್‌ಪೇಸ್ಟಿನ ಹದ ಎಂದೂ ಸೇರಿಸಿ. ಗಾಜಿನ ಮೇಲೆ ಅರ್ಧ ಚಮಚ ಹಾಕಿ ರೋಲರ್ ಆಡಿಸಿದಾಗ ಚರಚರ ಸದ್ದು ಬಂದರೆ ಹದ ಸರಿ. ಪಚಪಚ ಎಂದರೆ ಮಸಿ ಜಾಸ್ತಿ, ಸಣ್ಣ ಗೆರೆಗಳ ನಡುವಿನ ಬಿಳಿ ತುಂಬಿಹೋಗುತ್ತದೆ.

* * *

ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕೈಪಿಡಿಯಲ್ಲಿ ‘ಚಕ್ಕೆ’ ಬಂದರೆ ನೋಡಿಕೊಳ್ಳಿ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ತೆಲುಗು ಮನೆಮಾತಿನವರು ಬಹಳ. ತೆಲುಗಿನ ‘ಚೆಕ್ಕ’ ಎಂದರೆ ಹಲಗೆಯೇ. ‘ಮಸಿ ಹಚ್ಚುವ ಮೊದಲು ಚಕ್ಕೆಯನ್ನೆಲ್ಲ ತೆಗೆದುಹಾಕಿ’ ಎಂದರೆ ಪಾಪ, ಏನನ್ನು ತೆಗೆದುಹಾಕಬೇಕು? ‘ಸಿಪ್ಪೆ’ ವಾಸಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗುಡಿಸಲು ಹೇಳಿ. ಬಾಯಲ್ಲಿ ಊದಿದರೆ ಕಣ್ಣಿಗೆ ಬೀಳುತ್ತದೆ.

* * *

ಇಬ್ಬರಿಗೂ ವಂದನೆ. ಸಾಲನ್ನು ಹೀಗೆ ತಿದ್ದಿದೆ: ‘ಸಿಪ್ಪೆ ಗುಡಿಸಿ, ಹಲಗೆಗೆ ಮಸಿ ಹಚ್ಚಿ, ಕಾಗದವನ್ನು ಕಚ್ಚಿಗೆ ಕೂರಿಸಿ, ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಿ ಅಚ್ಚು ತೆಗೆಯಿರಿ.’ ‘ಎಳೆ’ಯನ್ನು ಹಲಗೆಯ ಹಿಂಬದಿಯಲ್ಲಿ ಬಾಣದ ಗುರುತು ಹಾಕಿಯೇ ಕೊಡುತ್ತೇವೆ.