ಐರ್ಲೆಂಡಿನ ಆಲೂಗಡ್ಡೆ ಕ್ಷಾಮಕ್ಕೆ ರೋಗವೊಂದೇ ಕಾರಣವೇ?

ಪ್ರಶ್ನೆ (ಹಾಸನದಿಂದ):
ನಮ್ಮದು ಹಾಸನ ತಾಲ್ಲೂಕಿನಲ್ಲಿ ಆಲೂಗಡ್ಡೆ ಬೆಳೆಯುವ ಕುಟುಂಬ. ಮುಂಗಾರಿನಲ್ಲಿ ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ರೋಗ ತಗಲುತ್ತದೆ, ಬೆಳೆ ಹೋಗಿ ಸಾಲ ಉಳಿಯುತ್ತದೆ. ಆದರೂ ಅದರಿಂದ ಊರಿಗೆ ಊರೇ ಹಸಿವಿನಿಂದ ಸತ್ತದ್ದನ್ನು ನಾವು ಕಂಡಿಲ್ಲ. ಇದೇ ರೋಗದಿಂದ 1845ರ ನಂತರದ ಕೆಲವೇ ವರ್ಷಗಳಲ್ಲಿ ಐರ್ಲೆಂಡಿನ ಸುಮಾರು 10 ಲಕ್ಷ ಜನರು ಸತ್ತರೆಂದು ಓದಿದೆ. ಇದು ಹೇಗೆ ಸಾಧ್ಯವಾಯಿತು? ಅಲ್ಲಿನ ದಂಗೆಗಳಿಗೂ ಇದಕ್ಕೂ ಸಂಬಂಧವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಬೇಲೂರಿನಿಂದ):
ರೋಗವು ನಾಶಮಾಡಿದ್ದು ಆಲೂಗಡ್ಡೆಯನ್ನು. ಜನರನ್ನು ಸಾಯಲು ಬಿಟ್ಟದ್ದು ಅಲ್ಲಿನ ಭೂ ವ್ಯವಸ್ಥೆ ಮತ್ತು ಆಗ ಐರ್ಲೆಂಡನ್ನು ಆಳುತ್ತಿದ್ದ ಲಂಡನ್ನಿನ ಸರ್ಕಾರ ಎಂಬುದು ನನ್ನ ದೃಢ ಅಭಿಪ್ರಾಯ. ನೀವು ಆಲೂಗಡ್ಡೆಯನ್ನು ಮಾರುವುದಕ್ಕೆ ಬೆಳೆಯುತ್ತೀರಿ, ಊಟಕ್ಕೆ ರಾಗಿ ಇದೆ, ಅಕ್ಕಿ ಇದೆ. ಅಲ್ಲಿನ ಬಡ ಗೇಣಿದಾರನು ಧಾನ್ಯ ಬೆಳೆದರೂ ಅದು ಗೇಣಿ ತೀರಿಸುವುದಕ್ಕೇ ಹೋಗುತ್ತಿತ್ತು. ಮನೆಮಂದಿಯ ಹೊಟ್ಟೆ ತುಂಬುತ್ತಿದ್ದುದು ತುಂಡು ನೆಲದಲ್ಲಿ ಬೆಳೆದ ಆಲೂಗಡ್ಡೆಯಿಂದ, ಅದೂ ಬಹುಪಾಲು ಲಂಪರ್ ಎಂಬ ಒಂದೇ ತಳಿಯಿಂದ.

ಮೊದಲ ವರ್ಷ ಬ್ರಿಟನ್ನಿನ ಪ್ರಧಾನಿ ರಾಬರ್ಟ್ ಪೀಲ್ ಅಮೆರಿಕದಿಂದ ಮೆಕ್ಕೆಜೋಳ ತರಿಸಿದರು. 1846ರಲ್ಲಿ ಬೆಳೆ ಹೆಚ್ಚುಕಡಿಮೆ ಪೂರ್ತಿಯಾಗಿ ಕೈಕೊಟ್ಟಾಗ, ಮಾರುಕಟ್ಟೆಯಲ್ಲಿ ಕೈಹಾಕಬಾರದೆಂದು ನಂಬಿದ್ದ ಮುಂದಿನ ಪ್ರಧಾನಿ ಜಾನ್ ರಸೆಲ್ ಸರ್ಕಾರವು ಧಾನ್ಯದ ರಫ್ತನ್ನು ತಡೆಯಲಿಲ್ಲ. ಪರಿಹಾರದ ಹಣದ ಮೇಲೆ ಹಿಡಿತವಿದ್ದ ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್. ಮುಂದೆ ಮದರಾಸಿನ ಗವರ್ನರ್ ಆಗಿ ಬಂದವರೂ ಇವರೇ. 1847ರ ಬೇಸಿಗೆಯಲ್ಲಿ ಸರ್ಕಾರದ ಗಂಜಿ ಕೇಂದ್ರಗಳು ದಿನಕ್ಕೆ 30 ಲಕ್ಷ ಜನರಿಗೆ ಊಟ ಕೊಟ್ಟವು. ಮನಸ್ಸು ಮಾಡಿದ್ದರೆ ಸರ್ಕಾರಕ್ಕೆ ಸಾಧ್ಯವಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕೆಲವೇ ತಿಂಗಳಲ್ಲಿ ಅವುಗಳನ್ನು ಮುಚ್ಚಲಾಯಿತು, ಮತ್ತು ಕಾಲು ಎಕರೆಗಿಂತ ಹೆಚ್ಚು ನೆಲ ಇಟ್ಟುಕೊಂಡವರು ಅದನ್ನು ಬಿಟ್ಟುಕೊಟ್ಟರೆ ಮಾತ್ರ ಪರಿಹಾರವೆಂಬ ಕಾನೂನು ರೈತರನ್ನು ಒಕ್ಕಲೆಬ್ಬಿಸಿತು. 1841ರಲ್ಲಿ 82 ಲಕ್ಷದಷ್ಟಿದ್ದ ಜನಸಂಖ್ಯೆ 1851ರಲ್ಲಿ 65 ಲಕ್ಷಕ್ಕೆ ಇಳಿದಿತ್ತು.

ಉತ್ತರ (ಕೊಪ್ಪದಿಂದ):
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ರೋಗವನ್ನು ಹಗುರವಾಗಿ ಕಾಣಬಾರದು. ನಮ್ಮ ಅಡಿಕೆಯ ಕೊಳೆರೋಗವೂ ಅಂಗಮಾರಿಯೂ ಫೈಟಾಫ್ತೊರಾ ಎಂಬ ಒಂದೇ ಕುಲದ ಜೀವಿಗಳಿಂದ ಬರುತ್ತವೆ. ನಾವು ಮಳೆಗೆ ಮೊದಲೇ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಬಳಕೆಗೆ ಬಂದದ್ದು 1880ರ ದಶಕದಲ್ಲಿ. ಕ್ಷಾಮದ ಕಾಲದ ರೈತನ ಕೈಯಲ್ಲಿ ಯಾವ ಔಷಧವೂ ಇರಲಿಲ್ಲ.

ಉತ್ತರ (ಚಿಕ್ಕಮಗಳೂರಿನಿಂದ):
ಬ್ರಿಟಿಷರ ವಿರುದ್ಧದ ದಂಗೆಯ ಪರಂಪರೆ ಕ್ಷಾಮಕ್ಕಿಂತ ಹಳೆಯದು. ಐರಿಷ್ ಕ್ರಾಂತಿಕಾರಿ ವುಲ್ಫ್ ಟೋನ್ ಮತ್ತು ಸಂಗಡಿಗರು 1791ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಕಟ್ಟಿದ ಸಂಘಟನೆಯೇ 1798ರ ದೊಡ್ಡ ಬಂಡಾಯಕ್ಕೆ ಕಾರಣವಾಯಿತು. ಕ್ಷಾಮದ ನಡುವೆ, 1848ರಲ್ಲಿ, ಎದ್ದ ದಂಗೆ ಬೇಗ ಅಡಗಿತು. ಹಸಿದ ಜನರಿಗೆ ಹೋರಾಡುವ ತ್ರಾಣ ಎಲ್ಲಿಂದ ಬರಬೇಕು? ಆದರೆ ಅಮೆರಿಕಕ್ಕೆ ವಲಸೆ ಹೋದವರು ಆ ಸಿಟ್ಟನ್ನು ಮರೆಯದೆ ಮುಂದಿನ ಚಳವಳಿಗಳಿಗೆ ಹಣ ಒದಗಿಸಿದರು. 1916ರ ಏಪ್ರಿಲ್ 24ರಂದು ಡಬ್ಲಿನ್ನಿನಲ್ಲಿ ಆರಂಭವಾದ ಈಸ್ಟರ್ ದಂಗೆ ವಾರದೊಳಗೆ ಮುಗಿದರೂ, ಗಾಯಗೊಂಡಿದ್ದ ದಂಗೆಯ ನಾಯಕ ಜೇಮ್ಸ್ ಕಾನಲಿಯನ್ನು ಕುರ್ಚಿಯಲ್ಲಿ ಕೂರಿಸಿ ಗುಂಡಿಕ್ಕಿದಂತಹ ಕ್ರೌರ್ಯವು ಜನಮತವನ್ನೇ ತಿರುಗಿಸಿತು.

ಹಾಸನಕ್ಕೆ ಬಿತ್ತನೆ ಗಡ್ಡೆ ಬರುವ ಜಲಂಧರ್‌ನಲ್ಲೇ 1920ರ ಜೂನ್‌ನಲ್ಲಿ ಬ್ರಿಟಿಷ್ ಸೇನೆಯ ಕನಾಟ್ ರೇಂಜರ್ಸ್ ಪಡೆಯ ಐರಿಷ್ ಸೈನಿಕರು, ತಮ್ಮ ನಾಡಿನಲ್ಲಿ ಬ್ರಿಟಿಷರು ನಡೆಸುತ್ತಿದ್ದ ದಬ್ಬಾಳಿಕೆಯನ್ನು ವಿರೋಧಿಸಿ ಆಜ್ಞೆ ಪಾಲಿಸಲು ನಿರಾಕರಿಸಿದರು ಎಂಬುದನ್ನೂ ನೆನೆಯಬೇಕು. ಜೇಮ್ಸ್ ಡೇಲಿ ಎಂಬ ಸೈನಿಕನಿಗೆ ಅದೇ ನವೆಂಬರ್‌ನಲ್ಲಿ ಇಂದಿನ ಹಿಮಾಚಲ ಪ್ರದೇಶದ ದಗ್‌ಶಾಯಿಯಲ್ಲಿ ಮರಣದಂಡನೆಯಾಯಿತು. ಇನ್ನು ಬೆಲ್‌ಫಾಸ್ಟ್ ಅಷ್ಟರಲ್ಲಿ ಲಿನನ್ ಗಿರಣಿಗಳ, ಟೈಟಾನಿಕ್ ಕಟ್ಟಿದ ಹಡಗುಕಟ್ಟೆಯ ನಗರವಾಗಿತ್ತು. ಅದರ ಉದ್ಯಮ ಬ್ರಿಟಿಷ್ ಮಾರುಕಟ್ಟೆಯನ್ನು ನೆಚ್ಚಿಕೊಂಡಿತ್ತು. ಈ ಕಾರಣಕ್ಕೂ ಅಲ್ಲಿನ ಬಹುಸಂಖ್ಯಾತ ಪ್ರಾಟೆಸ್ಟಂಟರು ಡಬ್ಲಿನ್ನಿನ ಆಳ್ವಿಕೆಯನ್ನು ಒಪ್ಪಲಿಲ್ಲ, 1921ರಲ್ಲಿ ದ್ವೀಪವು ಇಬ್ಭಾಗವಾಯಿತು.