ಮಂಡಿ, ಕ್ರಷರ್, ಬಿಸಿಲು: ಜೇಬಲ್ಲಿಡೋಕೆ ಯಾವ ಪೆನ್ನು ಬಾಳಿಕೆ ಬರುತ್ತೆ?

ಪ್ರಶ್ನೆ (ಮಂಡಿ ರೈಟರ್, ಕೋಲಾರ):
ಅಣ್ಣ ನಮಸ್ಕಾರ. ಕೋಲಾರ ಎಪಿಎಂಸಿಲಿ ಒಂದು ಟೊಮೆಟೊ ಮಂಡಿಲಿ ರೈಟರ್ ಆಗಿದೀನಿ. ಹರಾಜು ಶುರು ಆಯ್ತು ಅಂದ್ರೆ ನಿಂತ್ಕೊಂಡೇ ಬರೀಬೇಕು, ಎಡಗೈಲಿ ಚೀಟಿ ಪುಸ್ತಕ, ಕಾರ್ಬನ್ ಇಟ್ಟು ಮೂರು ಕಾಪಿ, ರೇಟ್ ಕೂಗಿದ ತಕ್ಷಣ ಬರ್ಕೊಳ್ದಿದ್ರೆ ಆಮೇಲೆ ಜಗಳ. ಸೀಸನ್‌ಲಿ 15 ಕೆಜಿ ಬಾಕ್ಸ್‌ಗಳು ಸಾಲಾಗಿ ನಿಂತಿರ್ತವೆ, ಮೇಲೆ ಜಡಿಮಳೆ, ಕೆಳಗೆ ಒಡೆದ ಹಣ್ಣಿನ ರಸ, ಚೀಟಿ ಮೇಲೆ ಒಂದು ಹನಿ ಬಿತ್ತು ಅಂದ್ರೆ ಅಷ್ಟು ಜಾಗದಲ್ಲಿ ಪೆನ್ನು ಜಾರುತ್ತೆ, ಅಕ್ಷರ ಮೂಡಲ್ಲ. ಬಾಕ್ಸ್ ಮೇಲಿಟ್ಟ ಪೆನ್ನು ಕೆಳಗೆ ಬಿದ್ರೆ ಹಮಾಲಿಗಳ ಕಾಲಡಿ ಚೂರು. ಹೋದ್ವರ್ಷ ಆನ್‌ಲೈನಲ್ಲಿ ಟ್ಯಾಕ್ಟಿಕಲ್ ಪೆನ್ನು ಅಂತ 900 ರೂಪಾಯಿ ಕೊಟ್ಟು ತರಿಸ್ದೆ, ಹಿಂದೆ ಗಾಜು ಒಡೆಯೋ ಮೊಳೆ ಬೇರೆ, ಮಂಡಿಲಿ ನಾನು ಯಾವ ಗಾಜು ಒಡೀಲಿ! ಎರಡು ತಿಂಗಳಿಗೆ ರೀಫಿಲ್ ಮುಗೀತು, ಆ ಸೈಜು ಊರೆಲ್ಲಾ ಹುಡುಕಿದ್ರೂ ಸಿಗ್ಲಿಲ್ಲ. ಈಗ ಅದು ನಮ್ಮ ಹುಡುಗನ ಆಟದ ಸಾಮಾನು. ದುಡ್ಡು ಸ್ವಲ್ಪ ಜಾಸ್ತಿ ಆದ್ರೂ ಪರವಾಗಿಲ್ಲ, ಗಟ್ಟಿ ಪೆನ್ನು ಹೇಳಿ.

ಉತ್ತರ (ಪೆನ್ನಂಗಡಿ, ಚಿಂತಾಮಣಿ):
ನಮಸ್ಕಾರ ಅಣ್ಣ. ನಿಮ್ಮ 900 ರೂಪಾಯಿ ಪೆನ್ನಿನ ಕಥೆ ನಮ್ಮಂಗಡಿಗೆ ವಾರಕ್ಕೊಂದು ಬರುತ್ತೆ. ಬಾಡಿ ಇನ್ನೂ ನೂರು ವರ್ಷ ಬಾಳುತ್ತೆ, ಒಳಗಿರೋದು ಸತ್ತೋಗಿರುತ್ತೆ. ಬರೆಯೋದು ರೀಫಿಲ್ ಅಣ್ಣ, ಬಾಡಿ ಅಲ್ಲ, ಅದಕ್ಕೆ ನಾನು ಯಾರಿಗಾದ್ರೂ ಪೆನ್ನು ಕೊಡೋಕ್ ಮುಂಚೆ ಯಾವ ಪೇಪರ್ ಮೇಲೆ ಬರೀತೀರಾ ಅಂತ ಕೇಳ್ತೀನಿ.

ನಿಮ್ದು ಕಾರ್ಬನ್ ಕೆಲಸ, ಹಂಗಾಗಿ ಜೆಲ್ ಪೆನ್ನು, ಇಂಕ್ ಪೆನ್ನು ಎರಡನ್ನೂ ಮರೆತುಬಿಡಿ. ಒತ್ತಿ ಬರೆದ್ರೆನೇ ಮೂರನೇ ಕಾಪಿ ಮೂಡೋದು, ಆ ಒತ್ತಡ ತಡ್ಕೊಳ್ಳೋದು ಬಾಲ್ ಪೆನ್ನೇ, ಅದ್ರಲ್ಲೂ 0.7 ಇಲ್ಲಾ 1 ಎಂಎಂ ತಗೊಳ್ಳಿ. ತೀರಾ ಸಣ್ಣ ಮೂತಿದು ಒದ್ದೆ ಪೇಪರ್ ಕೆರ್ದು ಹಾಕುತ್ತೆ.

ಇನ್ನು ಹನಿ ಬಿದ್ದ ಜಾಗದಲ್ಲಿ ಯಾಕೆ ಜಾರುತ್ತೆ ಅಂದ್ರೆ, ಬಾಲ್ ಪೆನ್ನಿನ ಇಂಕು ಎಣ್ಣೆ ಜಾತಿದು, ಗಟ್ಟಿ ಪೇಸ್ಟ್ ತರ ಇರುತ್ತೆ. ಮೂತಿಲಿರೋ ಬಾಲು, ಅಂದ್ರೆ ಸಣ್ಣ ಗುಂಡು, ಉರುಳಿದ್ರೆ ಇಂಕು ಹೊರಗೆ ಬರುತ್ತೆ, ಬಾಲು ಉರುಳೋಕೆ ಪೇಪರ್ ಹಿಡಿತ ಕೊಡ್ಬೇಕು. ನೀರಿದ್ರೆ ಹಿಡಿತ ಇಲ್ಲ, ಬಾಲು ಉರುಳದೆ ಸುಮ್ನೆ ಎಳ್ಕೊಂಡೋಗುತ್ತೆ, ಸ್ವಲ್ಪ ಉರುಳಿದ್ರೂ ನೀರಿನ ಮೇಲೆ ಎಣ್ಣೆ ಕೂರಲ್ಲ. ಅದ್ರ ಜೊತೆ ನೆನೆದ ಪೇಪರಿನ ನಾರು ಕಿತ್ಕೊಂಡು ಮೂತಿಗೆ ಸೇರ್ಕೊಳ್ಳುತ್ತೆ, ಆಮೇಲೆ ಒಣಗಿದ ಪೇಪರ್ ಮೇಲೂ ಬರೆಯಲ್ಲ. ಟೊಮೆಟೊ ಗಿಡ ಮುಟ್ಟಿದ ಕೈಗೆ ಹತ್ತುತ್ತಲ್ಲ ಆ ಹಸಿರುಗಪ್ಪು ಜಿಡ್ಡು, ಅದು ಪೇಪರಿಗೆ ಮೆತ್ಕೊಂಡ್ರೂ ಇದೇ ಕಥೆ. ಹಂಗಾದಾಗ ಜನ ಏನ್ಮಾಡ್ತಾರೆ, ಬೆಂಕಿಕಡ್ಡಿ ಗೀರಿ ಮೂತಿ ಸುಡ್ತಾರೆ. ದಯವಿಟ್ಟು ಸುಡ್ಬೇಡಿ, ಪ್ಲಾಸ್ಟಿಕ್ ಮೂತಿ ಸಡಿಲ ಆಗಿ ನಾಳೆ ಜೇಬೆಲ್ಲಾ ಇಂಕು. ಬಟ್ಟೆಲಿ ಒರೆಸಿ, ಚಪ್ಪಲಿ ರಬ್ಬರ್ ಮೇಲೆ ನಾಲ್ಕು ಸುತ್ತು ಗೀಚಿ, ರಬ್ಬರಿಗೆ ಹಿಡಿತ ಜಾಸ್ತಿ, ಬಾಲು ತಿರುಗಿ ಕಸ ಬಿಟ್ಕೊಳ್ಳುತ್ತೆ.

ನನ್ನ ಮಾತು ಕೇಳೋದಾದ್ರೆ, ಪಾರ್ಕರ್ ಟೈಪ್ ರೀಫಿಲ್ ಕೂರೋ ಒಂದು ಲೋಹದ ಬಾಡಿ ತಗೊಳ್ಳಿ. ಪಾರ್ಕರೇ ಆಗ್ಬೇಕು ಅಂತಿಲ್ಲ. ಜಾಟರ್ ಅಂತ ಪಾರ್ಕರ್‌ನವರ ಪೆನ್ನು 1954ರಲ್ಲಿ ಬಂದಿದ್ದು, ಆಮೇಲೆ ಆ ಅಳತೆನೇ ಜಿ2 ಅಂತ ಎಲ್ಲಾ ದೇಶದಲ್ಲೂ ನಿಂತ್ಬಿಟ್ಟಿದೆ (ಪೈಲಟ್‌ನವರ ಜಿ2 ಅನ್ನೋ ಜೆಲ್ ಪೆನ್ನು ಬೇರೆ, ಹೆಸರು ನೋಡಿ ಮೋಸ ಹೋಗ್ಬೇಡಿ). ಈ ಸೈಜಿನ ರೀಫಿಲ್ ತಾಲೂಕು ಊರಲ್ಲೂ ಸಿಗುತ್ತೆ. ನಿಮ್ಮ ಆಟದ ಸಾಮಾನಿಗೆ ಕೊರತೆ ಇದ್ದಿದ್ದು ಇದೊಂದೇ.

ಪ್ರಶ್ನೆ (ಅದೇ ಮಂಡಿ ರೈಟರ್):
ಸರಿ ಅಣ್ಣ, ಆದ್ರೆ ಬಾಡಿ ಬದಲಾಯಿಸಿದ್ರೆ ಮಳೇಲಿ ಬರೆಯೋದು ಹೆಂಗೆ, ರೀಫಿಲ್ ಅದೇ ತಾನೇ?

ಉತ್ತರ (ಪೆನ್ನಂಗಡಿ):
ಅಲ್ಲೇ ಇರೋದು ನೋಡಿ ಮಜಾ. ಅದೇ ಬಾಡಿಗೆ ಪ್ರೆಶರ್ ರೀಫಿಲ್ ಅಂತ ಬರುತ್ತೆ. ಮಾಮೂಲಿ ರೀಫಿಲ್ ಹಿಂದುಗಡೆ ತೆರೆದಿರುತ್ತೆ, ಇಂಕು ತನ್ನ ಭಾರಕ್ಕೆ ಕೆಳಗೆ ಇಳೀಬೇಕು, ಅದಕ್ಕೇ ಗೋಡೆಗೆ ಪೇಪರ್ ಇಟ್ಟು ಬರೆದ್ರೆ ಎರಡು ಸಾಲಿಗೆ ನಿಲ್ಲೋದು. ಫಿಶರ್ ಅನ್ನೋ ಅಮೆರಿಕದ ಕಂಪನಿದು ಹಿಂದುಗಡೆ ಸೀಲ್ ಮಾಡಿ ನೈಟ್ರೋಜನ್ ತುಂಬಿರ್ತಾರೆ, ಗ್ಯಾಸು ಇಂಕನ್ನ ಹಿಂದಿನಿಂದ ತಳ್ಳುತ್ತೆ, ಇಂಕೂ ಅಂಥದ್ದೇ, ಬಾಲು ಉರುಳೋವರೆಗೂ ಗಟ್ಟಿ, ಉರುಳಿದ್ರೆ ತೆಳು. ನೆನೆದ ಪೇಪರ್, ಜಿಡ್ಡು ಪೇಪರ್, ತಲೆಕೆಳಗೆ, ಎಲ್ಲಾದ್ರಲ್ಲೂ ಬರೆಯುತ್ತೆ. ರೀಫಿಲ್ ಜೊತೆ ಒಂದು ಚಿಕ್ಕ ಪ್ಲಾಸ್ಟಿಕ್ ಟೋಪಿ ಕೊಟ್ಟಿರ್ತಾರೆ, ಅದನ್ನ ಹಿಂದೆ ಸಿಕ್ಕಿಸಿದ್ರೆ ಪಾರ್ಕರ್ ಟೈಪ್ ಬಾಡಿಗೆ ಸರಿಯಾಗಿ ಕೂರುತ್ತೆ, ಕಸ ಅಂತ ಎಸೀಬೇಡಿ, ಎಸೆದು ಬಂದು ರೀಫಿಲ್ ಗಿಡ್ಡ ಐತೆ ಅಂತ ನನ್ನ ಮೇಲೆ ರೇಗ್ದೋರು ಇದಾರೆ. ಜಪಾನಿನ ಯೂನಿ ಪವರ್ ಟ್ಯಾಂಕ್ ಕೂಡ ಇದೇ ಪ್ರೆಶರ್ ಜಾತಿ, ಅದನ್ನ ಮಾಡೋರು ಮಿತ್ಸುಬಿಷಿ ಪೆನ್ಸಿಲ್ ಅಂತ, ಕಾರಿನ ಮಿತ್ಸುಬಿಷಿಗೂ ಅವ್ರಿಗೂ ಸಂಬಂಧ ಇಲ್ಲ.

ಇವು ಅಂಗಡಿಲಿ ಸಿಗೋದು ಕಮ್ಮಿ, ಆನ್‌ಲೈನಲ್ಲೇ ತರಿಸ್ಬೇಕು. ಒಂದು ರೀಫಿಲ್ ದುಡ್ಡಲ್ಲಿ ಮಾಮೂಲಿ ಪೆನ್ನು ಡಜನ್‌ಗಟ್ಟಲೆ ಬರುತ್ತೆ, ಅದಕ್ಕೆ ಮಳೆಗಾಲ ಮೂರು ತಿಂಗಳು ಅದು, ಉಳಿದ ದಿನ ಮಾಮೂಲಿ ರೀಫಿಲ್ ಹಾಕ್ಕೊಂಡು ಓಡಿಸಿ. ನೀರು ನಿಂತಿರೋ ಪೇಪರ್ ಮೇಲೆ ಅಕ್ಷರ ನೀಟಾಗಿ ಮೂಡೋದು ಕಷ್ಟ, ಅದೂ ನೆನಪಿರ್ಲಿ, ಅಂಗೈಲಿ ಒಂದ್ಸಲ ಒರೆಸ್ಕೊಂಡು ಬರೀರಿ.

ಪ್ರಶ್ನೆ (ಚಿಂತಾಮಣಿ, ಮೇಷ್ಟ್ರು):
ಬಾಹ್ಯಾಕಾಶದಲ್ಲಿ ಬರೆಯೋಕೆ ಅಂತ ಅಮೆರಿಕದವ್ರು ಈ ಫಿಶರ್ ಪೆನ್ನಿಗೆ ಕೋಟಿಗಟ್ಟಲೆ ಸುರಿದ್ರಂತೆ, ರಷ್ಯಾದವ್ರು ಆರಾಮಾಗಿ ಪೆನ್ಸಿಲ್ ತಗೊಂಡೋದ್ರಂತಲ್ಲ ಗುರುವೇ 😄

ಉತ್ತರ (ಪೆನ್ನಂಗಡಿ):
ಮೇಷ್ಟ್ರೇ ನೀವೇ ಹಿಂಗಂದ್ರೆ ಮಕ್ಕಳ ಗತಿ ಏನು. ದುಡ್ಡು ಹಾಕಿದ್ದು ಪಾಲ್ ಫಿಶರ್ ಅನ್ನೋ ಪೆನ್ನಿನ ವ್ಯಾಪಾರಿ, ಸರ್ಕಾರ ಅಲ್ಲ. ನಾಸಾದವ್ರು ಪರೀಕ್ಷೆ ಮಾಡಿ ಕೊಂಡ್ಕೊಂಡ್ರು, 1968ರಲ್ಲಿ ಅಪೊಲೊ 7 ನೌಕೆಲಿ ಅದು ಮೇಲೆ ಹೋಯ್ತು, ಮಾರನೇ ವರ್ಷ ರಷ್ಯಾದವ್ರೂ ಅದನ್ನೇ ಕೊಂಡ್ರು. ಪೆನ್ಸಿಲ್ ಅಮೆರಿಕದವ್ರೂ ಒಯ್ದಿದ್ರು, ಆದ್ರೆ ಮುರಿದ ಸೀಸ ತೇಲಾಡ್ತಾ ಹೋಗಿ ವೈರಿಂಗ್ ಒಳಗೆ ಸೇರಿದ್ರೆ ಕರೆಂಟ್ ಹಾಯುತ್ತೆ, ಮರ ಬೇರೆ ಬೆಂಕಿ ಹತ್ತೋ ವಸ್ತು. ಮಂಡಿಲಿ ಸೀಸ ಮುರಿದ್ರೆ ಕೆಳಗೆ ಬೀಳುತ್ತೆ, ಅಷ್ಟೇ, ಅದಕ್ಕೇ ನಾನೇ ಹೇಳ್ತೀನಿ ಕಿವಿ ಸಂದಿಲಿ ಒಂದು ಪೆನ್ಸಿಲ್ ಇರ್ಲಿ ಅಂತ, ದುಡ್ಡಿನ ಚೀಟಿಗಲ್ಲ, ಬಾಕ್ಸ್ ಲೆಕ್ಕಕ್ಕೆ.

ಪ್ರಶ್ನೆ (ಚಿಕ್ಕಬಳ್ಳಾಪುರ ಕಡೆ, ಕ್ರಷರ್ ಸೂಪರ್‌ವೈಸರ್):
ಸಾರ್ ನಮ್ದು ನೀರಲ್ಲ, ಧೂಳು. ಲಾರಿ ಟ್ರಿಪ್ ಬರ್ಕೊಳ್ತೀನಿ. ಟಿಕ್ ಟಿಕ್ ಪೆನ್ನು ಯಾವ್ದು ತಂದ್ರೂ ತಿಂಗಳಿಗೆ ಬಟನ್ ಹಿಡ್ಕೊಳ್ಳುತ್ತೆ, ಇಲ್ಲಾಂದ್ರೆ ಇಂಕು ಗಂಟು ಗಂಟಾಗಿ ಬೀಳುತ್ತೆ.

ಉತ್ತರ (ಪೆನ್ನಂಗಡಿ):
ನಿಮಗೆ ಟಿಕ್ ಟಿಕ್ ಆಗಲ್ಲ ಸಾರ್, ಟೋಪಿ ಪೆನ್ನೇ ಗತಿ. ಬಟನ್ ಪೆನ್ನಿನ ಮೂತಿ ಒಳಗೆ ಹೋದ್ರೂ ಆ ತೂತು ತೆರೆದೇ ಇರುತ್ತೆ, ಮೂತಿ ಒಳಗೆ ಹೋಗೋವಾಗೆಲ್ಲಾ ಧೂಳೂ ಒಳಗೆ. ಗಂಟು ಬೀಳೋದಕ್ಕೂ ಅದೇ ಕಾರಣ. ಬಾಲು ಟಂಗ್‌ಸ್ಟನ್ ಕಾರ್ಬೈಡ್, ಕಲ್ಲಿನ ಧೂಳಿಗೆ ಅದು ಬಗ್ಗಲ್ಲ, ಆದ್ರೆ ಬಾಲು ಕೂತಿರೋ ಮೂತಿ ಸಾಮಾನ್ಯವಾಗಿ ಹಿತ್ತಾಳೆದು. ನಮ್ಮ ಕಡೆ ಗ್ರಾನೈಟ್ ಧೂಳಲ್ಲಿ ಬೆಣಚುಕಲ್ಲು ಇರುತ್ತಲ್ಲ, ಅದು ಹಿತ್ತಾಳೆನ ಅರ ಹಾಕಿದಂಗೆ ತೇಯುತ್ತೆ, ಸಂದಿ ದೊಡ್ಡದಾದ್ರೆ ಇಂಕು ಸುರಿಯುತ್ತೆ. ಅದಕ್ಕೆ ನಿಮಗೆ ದುಬಾರಿ ರೀಫಿಲ್ ಹಾಕೋದೇ ದಂಡ. ರೆನಾಲ್ಡ್ಸ್ 045 ತರದ ಟೋಪಿ ಪೆನ್ನು ಬಾಕ್ಸ್‌ಗಟ್ಟಲೆ ತಗೊಂಡು ಗೀರಿದಾಗ ಎಸೀರಿ. ನಾನು ಪೆನ್ನು ಮಾರೋನು ಹಿಂಗೆ ಹೇಳ್ಬಾರ್ದು, ಆದ್ರೂ ಹೇಳ್ತಾ ಇದೀನಿ.

ಪ್ರಶ್ನೆ (ಪಾವಗಡ, ಸೋಲಾರ್ ಪಾರ್ಕ್ ಟೆಕ್ನೀಷಿಯನ್):
ಅಣ್ಣ ತುಮಕೂರು ಜಿಲ್ಲೆಯವ್ರೂ ಕೇಳ್ಬೋದಾ. 2,050 ಮೆಗಾವಾಟ್ ಪಾರ್ಕು, ಎತ್ತ ನೋಡಿದ್ರೂ ಪ್ಯಾನಲ್ಲು, ಮರದ ನೆರಳು ಅಂತ ಇಲ್ಲ. ಜೀಪಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ಜೆಲ್ ಪೆನ್ನು ಕಕ್ಕುತ್ತೆ. ಕೇಬಲ್ ಟ್ಯಾಗ್ ಮೇಲೆ ಬರೆದಿದ್ದು ಬಿಸಿಲಿಗೆ ಮಾಯ.

ಉತ್ತರ (ಪೆನ್ನಂಗಡಿ):
ಕೇಳಿ ಕೇಳಿ, ಪೆನ್ನಿಗೆ ಜಿಲ್ಲೆ ಗಡಿ ಇಲ್ಲ. ಕಾದಾಗ ಇಂಕು ತೆಳು ಆಗುತ್ತೆ, ಒಳಗಿನ ಗಾಳಿ ಹಿಗ್ಗಿ ಅದನ್ನ ತಳ್ಳುತ್ತೆ, ಜೆಲ್ ನೀರಿನ ಇಂಕಾದ್ರಿಂದ ಬೇಗ ಹೊರಗೆ. ಡ್ಯಾಶ್‌ಬೋರ್ಡ್ ಬಿಡಿ, ಜೇಬಲ್ಲಿ ಮೂತಿ ಮೇಲ್ಮುಖ ಮಾಡಿ ಇಡಿ, ಅರ್ಧ ತೊಂದ್ರೆ ಅಲ್ಲೇ ಹೋಗುತ್ತೆ. ಟ್ಯಾಗಿಗೆ ಪೆನ್ನೇ ಬೇಡ, ಪೇಂಟ್ ಮಾರ್ಕರ್ ತಗೊಳ್ಳಿ. ಮಾಮೂಲಿ ಪರ್ಮನೆಂಟ್ ಮಾರ್ಕರಲ್ಲಿ ಇರೋದು ಹೆಚ್ಚಾಗಿ ಡೈ, ಅಂದ್ರೆ ಕರಗಿರೋ ಬಣ್ಣ, ಬಿಸಿಲು ತಿಂದುಬಿಡುತ್ತೆ, ಪೇಂಟಲ್ಲಿ ಪಿಗ್ಮೆಂಟ್, ಅಂದ್ರೆ ಕರಗದ ಬಣ್ಣದ ಪುಡಿ ಇರುತ್ತೆ, ಅದು ತಡೆಯುತ್ತೆ. ಮಾರ್ಕರ್‌ನ ಅಡ್ಡ ಮಲಗಿಸಿ ಇಡಿ.

ಪ್ರಶ್ನೆ (ಶಿಡ್ಲಘಟ್ಟ ತಾಲೂಕು, ಹಾಲಿನ ಡೈರಿ ಕಾರ್ಯದರ್ಶಿ):
ಅಣ್ಣ, ಡೈರಿ ರಿಜಿಸ್ಟರ್ ಮೇಲೆ ಕ್ಯಾನ್ ನೀರು ಚೆಲ್ಲಿ ಒಂದು ಪುಟ ಪೂರ್ತಿ ನೀಲಿ ಕೊಳ ಆಗೋಯ್ತು, ಎರಡು ದಿನ ಕೂತು ಬೇರೆ ಬರ್ದೆ. ಯಾವ ಪೆನ್ನಲ್ಲಿ ಬರೆದ್ರೆ ಹಿಂಗಾಗಲ್ಲ?

ಉತ್ತರ (ಪೆನ್ನಂಗಡಿ):
ಅಕ್ಕ ಅದು ಜೆಲ್ಲು ಇಲ್ಲಾ ಇಂಕ್ ಪೆನ್ನಿರ್ಬೇಕು. ಬಾಲ್ ಪೆನ್ನಿನ ಅಕ್ಷರ ನೀರಿಗೆ ಹಂಗೆ ಹರಡಲ್ಲ. ವರ್ಷಗಟ್ಟಲೆ ಇಡೋ ರಿಜಿಸ್ಟರ್ ಆದ್ರೆ ರೀಫಿಲ್ ಪ್ಯಾಕೆಟ್ ಮೇಲೆ ಐಎಸ್‌ಒ 12757-2 ಅಂತ ಇದೆಯಾ ನೋಡಿ, ಬಾಲ್ ಪೆನ್ನಲ್ಲಿ ದಾಖಲೆ ಬರೆಯೋಕೆ ಅಂತ ಇರೋ ಗುರುತು ಅದು. ಜೆಲ್ಲೇ ಬೇಕು ಅಂದ್ರೆ ಪಿಗ್ಮೆಂಟ್ ಇಂಕ್ ಅಂತ ಬರೆದಿರೋದು. ಇನ್ನೊಂದು, ಮಿಷನ್ನಿಂದ ಬರೋ ನುಣುಪು ಚೀಟಿ ಇರುತ್ತಲ್ಲ, ಥರ್ಮಲ್ ಪೇಪರ್, ಅದು ಶಾಖಕ್ಕೇ ಕಪ್ಪಾಗೋದು, ಅದ್ರಲ್ಲಿ ಪೆನ್ನಿನ ತಪ್ಪಿಲ್ಲ, ಅಚ್ಚು ತಾನಾಗೇ ಮಾಸುತ್ತೆ. ಲೆಕ್ಕನ ಅವತ್ತೇ ರಿಜಿಸ್ಟರಿಗೆ ಇಳಿಸ್ಕೊಳ್ಳಿ.

ಪ್ರಶ್ನೆ (ಮಂಡಿ ರೈಟರ್, ಮತ್ತೆ):
ಎಲ್ಲಾ ಓದಿದೆ ಅಣ್ಣ. ಬಾಡಿ ಹಿತ್ತಾಳೆದಾ ಸ್ಟೀಲಾ? ಭಾನುವಾರ ಚಿಂತಾಮಣಿ ಕಡೆ ಬರೋದಿದೆ, ಅಂಗಡಿ ತೆಗೆದಿರ್ತೀರಾ?

ಉತ್ತರ (ಪೆನ್ನಂಗಡಿ):
ಸ್ಟೀಲು. ಹಿತ್ತಾಳೆ ಭಾರ, ಬೆವರು ಕೈಗೆ ವಾಸನೆ ಬೇರೆ. ಕ್ಲಿಪ್ಪು ಬಿಗಿ ಇರೋದು ನೋಡ್ಕೊಳ್ಳಿ, ಬಾಕ್ಸ್ ಮೇಲೆ ಇಡೋ ಬದ್ಲು ಜೇಬಿಗೆ ಸಿಕ್ಕಿಸಿದ್ರೆ ಹಮಾಲಿಗಳ ಕಾಲಿಗೆ ಸಿಗಲ್ಲ. ಭಾನುವಾರ ಮಧ್ಯಾಹ್ನದವರೆಗೂ ಇರ್ತೀನಿ ಬನ್ನಿ. ಬರೋವಾಗ ನಿಮ್ಮ ಚೀಟಿ ಪುಸ್ತಕ, ಕಾರ್ಬನ್ ಎರಡೂ ತನ್ನಿ, ಅಂಗಡಿಲೇ ನಾಲ್ಕು ಹನಿ ನೀರು ಚಿಮುಕಿಸಿ ಬರೆದು ನೋಡೋಣ, ಮೂರನೇ ಕಾಪಿ ಓದೋಕಾದ್ರೆ ದುಡ್ಡು ಕೊಡಿ.